ಪೂರ್ವಸ್ಥಿತಿಯ ಧರ್ಮ

ನಿಯಮವೆಂಬುದು ಒಂದು ಗೊತ್ತಾದ ದಿನ ಹುಟ್ಟುತ್ತದೆ. ಲೋಕವ್ಯವಹಾರವಾದರೋ ಅದಕ್ಕಿಂತ ಬಹುಕಾಲ ಮೊದಲಿನಿಂದ ನಡೆದುಬಂದಿರುತ್ತದೆ. ಹೀಗೆ ನಿಯಮ ಹುಟ್ಟುವುದಕ್ಕೆ ಮುಂಚೆ ನ್ಯಾಯವಾಗಿಯೇ ಇದ್ದು, ಅದು ಹುಟ್ಟಿದ ಮರುದಿನದಿಂದ ಅದಕ್ಕೆ ವಿರುದ್ಧವೆನಿಸಿಕೊಂಡ ಮನೆ, ಕೊಟ್ಟಿಗೆ, ಕಾರ್ಖಾನೆ, ಗುಡಿ ಮೊದಲಾದವುಗಳ ಗತಿ ಏನಾಗಬೇಕೆಂಬ ಪ್ರಶ್ನೆ ಮೇಲುನೋಟಕ್ಕೆ ನಗರಯೋಜಕರ ಕಚೇರಿಗೆ ಮಾತ್ರ ಸೇರಿದುದೆಂದು ತೋರಬಹುದಾದರೂ, ಆಳವಾಗಿ ವಿಚಾರಿಸಿದಲ್ಲಿ ಅದು ಧರ್ಮಜಿಜ್ಞಾಸೆಗೆ ಸೇರಿದ ಪ್ರಶ್ನೆಯೇ ಆಗಿದೆ. ಗತಕಾಲದಲ್ಲಿ ನ್ಯಾಯವಾಗಿ ಮೊದಲಾದ ಕರ್ಮಕ್ಕೆ ವರ್ತಮಾನದ ವಿಧಿ ಎಷ್ಟರಮಟ್ಟಿಗೆ ಅಂತ್ಯವನ್ನು ಹೇಳಬಹುದು? ಮೊದಲು ಬಂದವನೆಂಬ ಮಾತ್ರಕ್ಕೆ ಒಬ್ಬನಿಗೆ ಯಾವ ಹಕ್ಕು ಸಲ್ಲುತ್ತದೆ, ಯಾವುದು ಸಲ್ಲದು?

ಈ ಪ್ರಶ್ನೆಯನ್ನು ಪರೀಕ್ಷಿಸುವುದಕ್ಕೆ ಬೆಂಗಳೂರಿನ ಪೂರ್ವದಿಕ್ಕಿನಲ್ಲಿರುವ ದೊಡ್ಡನೆಕ್ಕುಂದಿಗಿಂತ ತಕ್ಕ ಸ್ಥಳ ಸಿಕ್ಕುವುದು ಕಷ್ಟ. ಕೃಷ್ಣರಾಜಪುರದ ಸುತ್ತಿನ ಹಳ್ಳಿಗಳಲ್ಲೊಂದಾಗಿ ಕೆರೆಯನ್ನೂ ಹೊಲವನ್ನೂ ನಂಬಿ ಬಾಳಿದ ಈ ಊರಿಗೆ ಅನತಿದೂರದಲ್ಲಿ 1940ರಲ್ಲಿ ಹಿಂದೂಸ್ಥಾನ್ ವಿಮಾನ ಕಾರ್ಖಾನೆ ಸ್ಥಾಪಿತವಾಯಿತು. 1966ರ ಅಧಿನಿಯಮದಿಂದ ಜನ್ಮ ತಾಳಿದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯು ಮುಂದೆ ಊರಿನ ಹೆಸರಿನಲ್ಲಿಯೇ ಒಂದು ಕೈಗಾರಿಕಾ ಪ್ರದೇಶವನ್ನು ರಚಿಸಿತು. ಹೊರವರ್ತುಲ ರಸ್ತೆ ಊರ ಮಗ್ಗುಲಲ್ಲಿ ಹಾದುಹೋಯಿತು. ರಸ್ತೆಯ ಇಕ್ಕೆಲದಲ್ಲಿ ಗಾಜಿನ ಗೋಡೆಯ ತಂತ್ರಾಂಶ ಸೌಧಗಳೆದ್ದುವು. ಮಹದೇವಪುರ ನಗರಸಭೆಯ ಪ್ರದೇಶ 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ವಿಲೀನವಾಯಿತು. ಇದರ ಜೊತೆಜೊತೆಗೆ ಯೋಜನೆಗಳೂ ಬಂದುವು: 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮದ ಬಲದಿಂದ 1972ರಲ್ಲಿ ಬೆಂಗಳೂರಿಗೆ ರೂಪರೇಖೆಯ ಯೋಜನೆಯೊಂದು ಮಂಜೂರಾಗಿ, 1984ರಲ್ಲಿ ಸಮಗ್ರ ಅಭಿವೃದ್ಧಿ ಯೋಜನೆ, 1995ರಲ್ಲಿ ಅದರ ಪರಿಷ್ಕರಣ, 2007ರ ಜೂನ್ ತಿಂಗಳಲ್ಲಿ ‘2015ರ ಮಹಾಯೋಜನೆ’ ಎಂಬುದು, ಹೀಗೆ ಒಂದರ ಮೇಲೊಂದು ನಕ್ಷೆ ಈ ನೆಲದ ಮೇಲೆ ಹರಡಿದುವು. 2031ನೆಯ ವರ್ಷವನ್ನು ಲಕ್ಷಿಸಿ 2017ರಲ್ಲಿ ಹೊರಬಂದ ಕರಡು ಆಮೇಲೆ ಹಿಂದಕ್ಕೆ ಪಡೆಯಲ್ಪಟ್ಟಿತು. ಈ ನಕ್ಷೆಗಳಲ್ಲಿ ವಸತಿಗೆ ಹಳದಿ, ವಾಣಿಜ್ಯಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಉದ್ಯಾನಕ್ಕೆ ಹಸಿರು. ಬಣ್ಣ ಬಳಿದವನ ಕುಂಚ ಹರಿದ ಕಡೆ ಆ ಮೊದಲೇ ಯಾರೋ ಬದುಕುತ್ತಿದ್ದರೆಂಬ ಸಂಗತಿ ನಕ್ಷೆಯಲ್ಲಿ ಕಾಣುವುದಿಲ್ಲ.

1961ರ ಅಧಿನಿಯಮದ 14ನೆಯ ಪ್ರಕರಣವು ಯೋಜನಾಪ್ರದೇಶದ ಒಳಗಿನ ಪ್ರತಿಯೊಂದು ಭೂ ಉಪಯೋಗವೂ, ಉಪಯೋಗದ ಪ್ರತಿಯೊಂದು ಬದಲಾವಣೆಯೂ ವಿಧಿಗೆ ಅನುಗುಣವಾಗಿರತಕ್ಕದ್ದೆಂದು ಹೇಳುತ್ತದೆ. ಅಕ್ಷರಶಃ ಅರ್ಥಮಾಡಿದರೆ ಬಣ್ಣ ಬದಲಾದ ದಿನವೇ ಅರ್ಧ ಊರು ತಪ್ಪಿತಸ್ಥರ ಪಟ್ಟಿಗೆ ಸೇರಿಬಿಡಬೇಕು. ಆದರೆ 1916ರಲ್ಲಿ ನ್ಯೂಯಾರ್ಕ್ ನಗರ ತನ್ನ ವಲಯನಿಯಮಗಳನ್ನು ರಚಿಸಿದಂದಿನಿಂದ ಲೋಕದ ಯೋಜನಾಶಾಸ್ತ್ರದಲ್ಲಿ ಒಂದು ಸಂಪ್ರದಾಯ ಬೆಳೆದುಬಂದಿದೆ. ನಿಯಮ ಬರುವುದಕ್ಕೆ ಮುಂಚೆ ಕಾನೂನುಬದ್ಧವಾಗಿ ನೆಲೆಗೊಂಡಿದ್ದ ಉಪಯೋಗ ಹೊಸ ವಲಯಕ್ಕೆ ಒಗ್ಗದಿದ್ದರೂ ಮುಂದುವರಿಯಬಹುದು, ಆದರೆ ವಿಸ್ತಾರಗೊಳ್ಳಬಾರದು. ಬೆಂಕಿಗೋ ಜೀರ್ಣತೆಗೋ ಸಿಕ್ಕಿ ಬಹುಪಾಲು ನಾಶವಾದರೆ ಅದೇ ರೂಪದಲ್ಲಿ ಮತ್ತೆ ಎದ್ದು ನಿಲ್ಲಬಾರದು. ಗೊತ್ತಾದ ಅವಧಿಯವರೆಗೆ ಬಿಟ್ಟುಹೋದದ್ದನ್ನು ಪುನಃ ಆರಂಭಿಸಬಾರದು. ಈ ಅವಕಾಶ ಮನುಷ್ಯನಿಗೆ ಸೇರಿದ್ದಲ್ಲ, ನೆಲಕ್ಕೆ ಸೇರಿದ್ದು, ಆದಕಾರಣ ಒಡೆಯ ಬದಲಾದರೂ ಅದು ಅಳಿಯದು. ವಿವರಗಳಲ್ಲಿ ದೇಶದಿಂದ ದೇಶಕ್ಕೆ ಭೇದವುಂಟಾದರೂ ಸಂಪ್ರದಾಯದ ತಿರುಳು ಇಷ್ಟೆ. ಇಂಥದನ್ನು ಈ ಲೇಖನದಲ್ಲಿ ಪೂರ್ವೋಪಯೋಗವೆಂದು ಕರೆಯೋಣ.

ಇದರ ಪ್ರತ್ಯಕ್ಷರೂಪವನ್ನು ನೋಡಬೇಕಾದರೆ ಹೊರವರ್ತುಲ ರಸ್ತೆಯ ಆಸುಪಾಸಿನ ಯಾವ ಗ್ರಾಮಠಾಣದೊಳಕ್ಕಾದರೂ ನಡೆದುಹೋದರೆ ಸಾಕು. ತಗಡಿನ ಮಾಡಿನ ಶೆಡ್ಡು; ಒಳಗೆ ಎರಡು ಲೇತು, ಒಂದು ಡ್ರಿಲ್ಲಿಂಗ್ ಯಂತ್ರ; ಬಾಗಿಲಲ್ಲಿ ಸುರುಳಿಸುರುಳಿಯಾಗಿ ಬಿದ್ದ ಉಕ್ಕಿನ ಹೊಟ್ಟು, ಕೂಲೆಂಟ್ ಎಣ್ಣೆಯ ಘಾಟು; ಗೋಡೆಗೆ ತೂಗುಹಾಕಿದ ಲಕ್ಷ್ಮಿಯ ಪಟದ ಕೆಳಗೆ, ಚೌಕಟ್ಟು ಹಾಕಿಸಿದ, ಹಳೆಯ ಪಂಚಾಯಿತಿಯ ಮುದ್ರೆಯುಳ್ಳ ಪರವಾನಗಿ. ಅದರ ಎದುರಿಗೆ ಎಮ್ಮೆ ಕಟ್ಟಿದ ಕೊಟ್ಟಿಗೆ. ಪಕ್ಕಕ್ಕೆ ಅಂಟಿಕೊಂಡಂತೆ ಐದು ಅಂತಸ್ತಿನ ಪಿ.ಜಿ. ರಾತ್ರಿಪಾಳಿ ಮುಗಿಸಿ ಬೆಳಗಿನ ಹೊತ್ತು ಮಲಗುವ ತರುಣನಿಗೆ ಲೇತಿನ ಕಿರಿಚಾಟ ಪರಮಹಿಂಸೆ. ಲೇತಿನವನಿಗೆ ಆ ಶಬ್ದವೇ ಅನ್ನ. “ನೀವು ಬಂದು ಮೂರು ವರ್ಷವಾಗಿಲ್ಲ ಸ್ವಾಮಿ, ನಾವು ನಮ್ಮಪ್ಪನ ಕಾಲದಿಂದ ಇಲ್ಲೇ ಇದ್ದೇವೆ” ಎಂದು ಅವನು ಅನ್ನುತ್ತಾನೆ. “ಇದು ವಸತಿ ಪ್ರದೇಶವಲ್ಲವೇ, ನಕ್ಷೆಯಲ್ಲೇ ಇದೆಯಲ್ಲ” ಎಂದು ಇವನು ಮೊಬೈಲಿನ ಪರದೆಯನ್ನು ತೋರಿಸುತ್ತಾನೆ. ಇಬ್ಬರ ಮಾತೂ ನಿಜ. ಎರಡು ನಿಜಗಳು ಒಂದೇ ಗೋಡೆಯನ್ನು ಹಂಚಿಕೊಂಡಿರುವಾಗ ನ್ಯಾಯ ಯಾವುದೆಂಬುದೇ ನಮ್ಮ ವಿಚಾರ.

ಪೂರ್ವೋಪಯೋಗಕ್ಕೆ ಸಲ್ಲುವ ಅವಕಾಶ ರಾಜ್ಯವು ತೋರಿದ ದಾಕ್ಷಿಣ್ಯ ಮಾತ್ರವೆಂದು ಹೇಳುವವರುಂಟು. ಇದ್ದಕ್ಕಿದ್ದ ಹಾಗೆ ಎಲ್ಲವನ್ನೂ ಮುಚ್ಚಿಸಿದರೆ ಪರಿಹಾರ ಕೊಡಬೇಕಾದೀತು, ಜನ ದಂಗೆಯೆದ್ದಾರು, ಆದ್ದರಿಂದ ಸಹಿಸಿಕೊಂಡಿರೋಣ ಎಂಬುದು ಆ ಪಕ್ಷ. ಈ ಪಕ್ಷದ ದೌರ್ಬಲ್ಯವೇನೆಂದರೆ, ಸಹಿಸಿಕೊಳ್ಳುವ ಅಗತ್ಯ ತೀರಿದೊಡನೆಯೇ ಹಕ್ಕೂ ತೀರಿಹೋಗುತ್ತದೆ. ಅಮೆರಿಕದ ಲಾಸ್ ಏಂಜಲಿಸಿನಲ್ಲಿ ಹಡಚೆಕ್ ಎಂಬಾತನು 1902ರಲ್ಲಿ ನಗರದ ಎಲ್ಲೆಯ ಹೊರಗೆ ಸುಮಾರು ಎಂಟು ಎಕರೆ ಜೇಡಿಮಣ್ಣಿನ ನೆಲವನ್ನು ಕೊಂಡು ಇಟ್ಟಿಗೆಯ ಗೂಡು ಹೂಡಿದನು. ನಗರ ಬೆಳೆದು ಆ ನೆಲವನ್ನು ಒಳಗುಮಾಡಿಕೊಂಡು, ಅಲ್ಲಿ ಇಟ್ಟಿಗೆ ಸುಡುವುದನ್ನೇ ನಿಷೇಧಿಸಿತು. ಇಟ್ಟಿಗೆಗಾದರೆ ಎಂಟು ಲಕ್ಷ ಡಾಲರು, ಬೇರೆ ಯಾವುದಕ್ಕಾದರೂ ಅರುವತ್ತು ಸಾವಿರವನ್ನು ಮೀರದು ಎಂದು ಅವನು ನೆಲದ ಬೆಲೆಯನ್ನು ನ್ಯಾಯಾಲಯದ ಮುಂದಿಟ್ಟರೂ, 1915ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯ ನಗರದ ಪಕ್ಷವನ್ನೇ ಎತ್ತಿಹಿಡಿಯಿತು. ಮೊದಲಿಗನಾಗಿದ್ದುದೊಂದೇ ಅವನನ್ನು ಕಾಯಲಿಲ್ಲ. ನಗರದ ಬೆಳವಣಿಗೆಗೆ ವ್ಯಕ್ತಿಯ ಪೂರ್ವಸ್ಥಿತಿ ತಲೆಬಾಗಬೇಕೆಂಬ ಈ ತೀರ್ಪಿನಲ್ಲಿ ಒಂದು ಸತ್ಯವುಂಟಾದರೂ, ಅಷ್ಟೇ ಸತ್ಯವೆಂದು ಒಪ್ಪಿಕೊಂಡರೆ ನಕ್ಷೆ ಹಿಡಿದವನ ಮುಂದೆ ಯಾರ ಬದುಕೂ ನಿಶ್ಚಿತವಲ್ಲ.

ದಾಕ್ಷಿಣ್ಯಕ್ಕಿಂತ ಗಟ್ಟಿಯಾದ ಆಧಾರವನ್ನು ನಮ್ಮ ವೇದಾಂತದಲ್ಲಿಯೇ ಹುಡುಕಬಹುದೆಂದು ನನಗೆ ತೋರುತ್ತದೆ. ಆತ್ಮಜ್ಞಾನ ಉದಿಸಿದಾಗ ಕರ್ಮವೆಲ್ಲ ದಗ್ಧವಾಗುವುದೆಂದು ಶ್ರುತಿ ಸಾರುತ್ತಿರಲು, ಜ್ಞಾನಿಯ ದೇಹ ಆ ಕ್ಷಣವೇ ಏಕೆ ಬೀಳುವುದಿಲ್ಲವೆಂಬ ಪ್ರಶ್ನೆ ಪ್ರಾಚೀನರನ್ನು ಬಹಳವಾಗಿ ಕಾಡಿತು. ಬ್ರಹ್ಮಸೂತ್ರದ ನಾಲ್ಕನೆಯ ಅಧ್ಯಾಯದಲ್ಲಿ ಇದರ ವಿಚಾರ ಬರುತ್ತದೆ. ಶಂಕರಾಚಾರ್ಯರು ಭಾಷ್ಯದಲ್ಲಿ ಕುಂಬಾರನ ತಿಗರಿಯ ನಿದರ್ಶನವನ್ನು ಕೊಡುತ್ತಾರೆ. ಒಮ್ಮೆ ತಿರುಗಿಸಿಬಿಟ್ಟ ತಿಗರಿ ವೇಗ ಮುಗಿಯುವ ತನಕ ತಿರುಗಲೇಬೇಕು. ಫಲಕೊಡಲು ಇನ್ನೂ ತೊಡಗದಿದ್ದ ಸಂಚಿತವು ಜ್ಞಾನದಿಂದ ನಾಶವಾಗುತ್ತದೆ, ಇನ್ನು ಮುಂದಿನ ಕರ್ಮ ಅವನಿಗೆ ಅಂಟುವುದಿಲ್ಲ; ಆದರೆ ಫಲಕೊಡಲು ಆಗಲೇ ತೊಡಗಿದ ಪ್ರಾರಬ್ಧವು ಅನುಭವದಿಂದಲೇ ಕ್ಷಯಿಸಬೇಕು. ಯೋಜನಾಶಾಸ್ತ್ರಜ್ಞರು ಉಪನಿಷತ್ತನ್ನು ಓದಿ ತಮ್ಮ ನಿಯಮ ಬರೆದರೆಂದು ನಾನು ಹೇಳುತ್ತಿಲ್ಲ. ಆದರೂ ಪೂರ್ವೋಪಯೋಗದ ಮೇಲಿನ ಕಟ್ಟುಪಾಡುಗಳು ಈ ವಿಭಾಗಕ್ಕೆ ಎಷ್ಟು ಸರಿಯಾಗಿ ಹೊಂದಿಕೊಳ್ಳುತ್ತವೆಂಬುದನ್ನು ಗಮನಿಸಬೇಕು. ಕಟ್ಟಬೇಕೆಂದು ಮನಸ್ಸಿನಲ್ಲಿದ್ದು ಕಟ್ಟದೆ ಉಳಿದದ್ದು ಹೊಸ ನಿಯಮದಿಂದ ಲುಪ್ತವಾಗುತ್ತದೆ. ಮುಂದಿನ ವಿಸ್ತಾರಕ್ಕೆ ಆಸ್ಪದವಿಲ್ಲ. ಆದರೆ ಆರಂಭವಾಗಿಹೋದದ್ದು ತನ್ನ ಆಯುಷ್ಯವನ್ನು ಮುಗಿಸಿಕೊಳ್ಳುವುದಕ್ಕೆ ಅರ್ಹವಾಗಿದೆ. ಪ್ರಾರಬ್ಧವನ್ನು ಒಪ್ಪಿಕೊಳ್ಳುವುದರಿಂದ ಜ್ಞಾನದ ಮಹಿಮೆಗೆ ಕುಂದಿಲ್ಲವಾದಂತೆ, ಪೂರ್ವೋಪಯೋಗವನ್ನು ಒಪ್ಪಿಕೊಳ್ಳುವುದರಿಂದ ನಿಯಮದ ಮಹಿಮೆಗೂ ಕುಂದಿಲ್ಲ. ಕಾಲವೂ ಒಂದು ಪ್ರಮಾಣವೆಂದು ಒಪ್ಪಿಕೊಳ್ಳುವ ನಿಯಮವೇ ಪಕ್ವವಾದ ನಿಯಮ.

ಧರ್ಮಶಾಸ್ತ್ರಕಾರರಿಗೂ ಈ ವಿವೇಕ ಅಪರಿಚಿತವಲ್ಲ. ಹಿಂದಿನ ಯುಗಗಳಲ್ಲಿ ವಿಹಿತವಾಗಿದ್ದ ಕೆಲವು ಆಚಾರಗಳನ್ನು ಕಲಿವರ್ಜ್ಯಗಳೆಂದು ನಿಬಂಧಕಾರರು ತೆಗೆದುಹಾಕಿದರು, ನಿಯೋಗಪದ್ಧತಿ ಅವುಗಳಲ್ಲೊಂದು. ಆದರೆ ನಿಯೋಗ ನಿಷಿದ್ಧವಾಯಿತೆಂದು ಧೃತರಾಷ್ಟ್ರ ಪಾಂಡುಗಳ ಜನ್ಮವನ್ನು ಯಾರೂ ಅಧರ್ಮ್ಯವೆನ್ನಲಿಲ್ಲ. ಕುರುಕುಲದ ವಂಶಾವಳಿಯನ್ನು ಯಾವ ನಿಬಂಧಕಾರನೂ ತಿದ್ದಲಿಲ್ಲ. ನಿಷೇಧ ಮುಂದಕ್ಕೆ ನೋಡುತ್ತದೆ. ಹಿಂದಕ್ಕೆ ತಿರುಗಿ, ಅಂದು ಧರ್ಮವಾಗಿದ್ದುದನ್ನು ಇಂದಿನ ಕಣ್ಣಿನಿಂದ ಪಾಪವೆಂದು ಕರೆಯುವುದಿಲ್ಲ.

ಹಾಗಾದರೆ ಮೊದಲಿದ್ದುದೆಲ್ಲವೂ ಮಾನ್ಯವೇ? ಇಲ್ಲಿ ಎಚ್ಚರದಿಂದ ಹೆಜ್ಜೆಯಿಡಬೇಕು. ಈ ಎಚ್ಚರವನ್ನು ಕಲಿಸುವ ಗ್ರಂಥ ಕನ್ನಡನಾಡಿನ ರಾಜಧಾನಿಯಲ್ಲಿಯೇ ಹುಟ್ಟಿತೆಂಬುದು ನಮಗೆ ಹೆಮ್ಮೆಯ ವಿಷಯ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿದ್ದು ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರೆಯು ಆಗಮ ಮತ್ತು ಭುಕ್ತಿ, ಎಂದರೆ ಸೊತ್ತು ನ್ಯಾಯವಾಗಿ ಕೈಸೇರಿದ ಬಗೆ ಮತ್ತು ಅದರ ಅನುಭೋಗ, ಇವೆರಡರ ಬಲಾಬಲವನ್ನು ಸೂಕ್ಷ್ಮವಾಗಿ ತೂಗುತ್ತದೆ. ಮನುಷ್ಯರ ನೆನಪಿಗೆ ನಿಲುಕುವ ಕಾಲದೊಳಗಿನ ಭೋಗಕ್ಕೆ ಆಗಮದ ಬೆಂಬಲ ಬೇಕು; ನೆನಪಿಗೆ ಮೀರಿದ ಕಾಲದಿಂದ, ತಲೆಮಾರುಗಳಿಂದ ನಡೆದುಬಂದ ಭೋಗ ತಾನೇ ಪ್ರಮಾಣವಾಗಬಲ್ಲುದು. ಒಡೆಯನು ಕಣ್ಣಾರೆ ನೋಡುತ್ತಲೂ ಬಾಯ್ದೆರೆಯದೆ ಇಪ್ಪತ್ತು ವರ್ಷ ಅನ್ಯನಿಗೆ ಭೂಮಿಯನ್ನು ಅನುಭವಿಸಲು ಬಿಟ್ಟರೆ ಅವನಿಗೆ ಹಾನಿಯೆಂದು ಸ್ಮೃತಿ ಹೇಳಿದಲ್ಲಿ, ಆ ಹಾನಿ ಫಲದ ಹಾನಿಯೇ ಹೊರತು ಸ್ವಾಮ್ಯದ ಹಾನಿಯಲ್ಲವೆಂದು ವಿಜ್ಞಾನೇಶ್ವರನು ವ್ಯಾಖ್ಯಾನಿಸುತ್ತಾನೆ. ನಾರದಸ್ಮೃತಿಯಂತೂ ಆಗಮವಿಲ್ಲದೆ ನೂರಾರು ವರ್ಷ ಭೋಗಿಸಿದವನನ್ನೂ ಕಳ್ಳನಂತೆ ದಂಡಿಸಬೇಕೆನ್ನುತ್ತದೆ. ಪೂರ್ವತ್ವವೆಂಬುದಕ್ಕೆ ನ್ಯಾಯವಾದ ಆರಂಭ ಜೊತೆಯಲ್ಲಿದ್ದರೆ ಮಾತ್ರ ಬೆಲೆ ಎಂಬುದು ಇದರಿಂದ ಸಿದ್ಧವಾಗುತ್ತದೆ.

ಇಂದಿನ ಬೆಂಗಳೂರಿನಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಮರೆತುಹೋಗಿರುವ ಭೇದ ಇದೇ. ನಿಯಮ ಬರುವುದಕ್ಕೆ ಮುಂಚೆ ನ್ಯಾಯವಾಗಿದ್ದವನೂ, ನಿಯಮ ಬಂದ ಮೇಲೆ ತಿಳಿದುತಿಳಿದೂ ಅದನ್ನು ಮುರಿದವನೂ ನಮ್ಮ ಮಾತಿನಲ್ಲಿ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ‘ಅಕ್ರಮ-ಸಕ್ರಮ’ವೆಂದು ಮನೆಮಾತಾಗಿರುವ ಯೋಜನೆಯ 2014ರ ನಿಯಮಗಳು 2013ರ ಅಕ್ಟೋಬರ್ 19ಕ್ಕೆ ಮೊದಲು ಆದ ಉಲ್ಲಂಘನೆಗಳನ್ನು, ವಸತಿ ಕಟ್ಟಡಗಳಲ್ಲಿ ಶೇಕಡ 50ರ ವರೆಗೂ ಇತರ ಕಟ್ಟಡಗಳಲ್ಲಿ ಶೇಕಡ 25ರ ವರೆಗೂ, ದಂಡ ಕಟ್ಟಿಸಿಕೊಂಡು ಸಕ್ರಮಗೊಳಿಸಲು ಹೊರಟುವು. ಉಚ್ಚ ನ್ಯಾಯಾಲಯ 2016ರ ಡಿಸೆಂಬರಿನಲ್ಲಿ ಅವನ್ನು ಎತ್ತಿಹಿಡಿಯಿತು. 2017ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ತಡೆಯಾಜ್ಞೆ ಕೊಟ್ಟಿತು. ಕಂದಾಯ ಸೈಟನ್ನು ನಂಬಿ ಜೀವಮಾನದ ಗಳಿಕೆಯನ್ನೆಲ್ಲ ಸುರಿದ ಬಡವನ ಸಂಕಟ ನನಗೆ ಅರ್ಥವಾಗದೆ ಇಲ್ಲ. ಅವನ ವಿಷಯದಲ್ಲಿ ಕರುಣೆ ತೋರುವುದು ರಾಜ್ಯಕ್ಕೆ ಭೂಷಣವೇ. ಆದರೆ ಕರುಣೆಯನ್ನು ಕರುಣೆಯೆಂದೇ ಕರೆಯಬೇಕು. ಲೇತಿನ ಶೆಡ್ಡಿನವನು ಕೇಳುವುದು ಕರುಣೆಯನ್ನಲ್ಲ, ನ್ಯಾಯವನ್ನು. ಮಂಜೂರಾದ ನಕ್ಷೆಯಲ್ಲಿ ಮೂರು ಅಂತಸ್ತು ತೋರಿಸಿ ಐದನ್ನು ಎತ್ತಿದವನು ಕೇಳುವುದು ಕ್ಷಮೆಯನ್ನು. ಇಬ್ಬರ ಅರ್ಜಿಯನ್ನೂ ಒಂದೇ ಕಡತದಲ್ಲಿ ಕಟ್ಟಿಟ್ಟರೆ ನ್ಯಾಯವಂತನಿಗೆ ಅವಮಾನ, ಉಲ್ಲಂಘಕನಿಗೆ ಗೌರವ.

ನ್ಯಾಯವಾದ ಆರಂಭವಿದ್ದವನ ಹಕ್ಕಿಗೂ ಒಂದು ಮೇರೆಯುಂಟು. ಅದು ಪರಪೀಡೆಯ ಮೇರೆ. ಮಹದೇವಪುರದ ಬಳಿ ವಿಶ್ವೇಶ್ವರಯ್ಯ ಕೈಗಾರಿಕಾ ಪ್ರದೇಶದಲ್ಲಿದ್ದ ಗ್ರಾಫೈಟ್ ಇಂಡಿಯಾ ಕಾರ್ಖಾನೆಯ ಕಥೆ ಇದಕ್ಕೆ ಸಮೀಪದ ನಿದರ್ಶನ. ಅದು ನಿಂತದ್ದು ಕೈಗಾರಿಕೆಗೆಂದೇ ಗೊತ್ತಾದ ನೆಲದಲ್ಲಿ. ಸುತ್ತಲಿನ ವಸತಿಸಮುಚ್ಚಯಗಳಲ್ಲಿ ಬಹುಪಾಲು ಬಂದದ್ದು ಆಮೇಲೆ. ಆದರೂ ಕಪ್ಪು ಧೂಳು ಮನೆಯ ನೆಲದ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ ಕೂರುತ್ತದೆಂದು ನಿವಾಸಿಗಳು ವರ್ಷಗಟ್ಟಲೆ ದೂರಿದರು. ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 2019ರಲ್ಲಿ ಕಾರ್ಖಾನೆಯ ಕೆಲಸ ನಿಂತಿತು. ಇಂಗ್ಲೆಂಡಿನಲ್ಲಿ 1879ರಲ್ಲಿಯೇ ಇಂಥ ಮೊಕದ್ದಮೆಯೊಂದು ನಡೆದಿತ್ತು. ಮಿಠಾಯಿ ಮಾಡುವವನೊಬ್ಬ ತನ್ನ ಒರಳುಗಳನ್ನು ಇಪ್ಪತ್ತು ವರ್ಷಕ್ಕೂ ಮಿಕ್ಕಿ ಬಳಸುತ್ತಿದ್ದನು, ನೆರೆಯ ವೈದ್ಯನೊಬ್ಬ ಆಮೇಲೆ ಹಿತ್ತಿಲ ಗೋಡೆಗೆ ಹೊಂದಿದಂತೆ ರೋಗಿಗಳನ್ನು ಪರೀಕ್ಷಿಸುವ ಕೋಣೆಯನ್ನು ಕಟ್ಟಿ, ಸದ್ದಿನಿಂದ ಬಾಧೆಯೆಂದು ದೂರು ಕೊಟ್ಟನು, ಗೆದ್ದವನು ವೈದ್ಯ. ನೀನೇ ಕೇಡಿನ ಬಳಿಗೆ ಬಂದೆ ಎಂಬ ಸಮಾಧಾನ ನ್ಯಾಯಾಲಯಕ್ಕೆ ಸಾಲಲಿಲ್ಲ. ಇರುವ ಹಕ್ಕು ಪೂರ್ವತ್ವದಿಂದ ಬರಬಹುದು. ನೆರೆಯವನ ಉಸಿರಿಗೆ ಮಸಿ ಬೆರೆಸುವ ಹಕ್ಕು ಯಾವ ಕಾಲದಿಂದಲೂ ಬರುವುದಿಲ್ಲ. ಇಲ್ಲಿ ಇನ್ನೊಂದು ಮಾತನ್ನೂ ಸೇರಿಸಬೇಕು: ಕಾರ್ಖಾನೆ ನಿಂತಾಗ ಮನೆಗಳ ಬೆಲೆ ಏರುತ್ತದೆ, ಕಾರ್ಮಿಕನ ಕೂಲಿ ಹೋಗುತ್ತದೆ. ದೆಹಲಿಯಿಂದ 168 ಅಪಾಯಕಾರಿ ಕೈಗಾರಿಕೆಗಳನ್ನು ಹೊರಕ್ಕೆ ಕಳುಹಿಸಲು 1996ರಲ್ಲಿ ಆದೇಶಿಸಿದಾಗ ಸರ್ವೋಚ್ಚ ನ್ಯಾಯಾಲಯವು ಕಾರ್ಮಿಕರ ವೇತನದ ವಿಷಯದಲ್ಲಿಯೂ ಷರತ್ತು ವಿಧಿಸಿತ್ತೆಂಬುದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಪೂರ್ವಸ್ಥಿತಿಯ ವಾದ ಎಲ್ಲಕ್ಕಿಂತ ನಾಜೂಕಾಗುವುದು ದೇವರ ವಿಷಯದಲ್ಲಿ. ಊರ ಹೊರಗೆ ಬೇವಿನ ಬುಡದಲ್ಲಿ ನಿಂತಿದ್ದ ಗ್ರಾಮದೇವತೆ, ದಾರಿ ಅಗಲವಾಗುತ್ತ ಬಂದಂತೆ ತಾನು ಕದಲದೆಯೇ ರಸ್ತೆಯ ನಡುವಿಗೆ ಬಂದುಬಿಡುತ್ತಾಳೆ. ಸಾರ್ವಜನಿಕ ಸ್ಥಳಗಳಲ್ಲಿ ಹೊಸದಾಗಿ ಅನಧಿಕೃತ ಪೂಜಾಮಂದಿರಗಳಿಗೆ ಎಡೆಕೊಡಬಾರದೆಂದೂ, ಇರುವವುಗಳನ್ನು ಒಂದೊಂದಾಗಿ ಪರಿಶೀಲಿಸಿ ತೀರ್ಮಾನಿಸಬೇಕೆಂದೂ ಸರ್ವೋಚ್ಚ ನ್ಯಾಯಾಲಯ 2009ರ ಸೆಪ್ಟೆಂಬರಿನಲ್ಲಿ ಹೇಳಿತು. ಆ ಜಾಡಿನಲ್ಲಿ 2021ರ ಸೆಪ್ಟೆಂಬರಿನಲ್ಲಿ ನಂಜನಗೂಡು ತಾಲೂಕಿನ ಹುಚ್ಚಗಣಿಯ ಮಹದೇವಮ್ಮನ ಗುಡಿಯನ್ನು ಕೆಡವಿದಾಗ ನಾಡಿನಲ್ಲಿ ಎದ್ದ ಕೋಲಾಹಲ ಅದೇ ತಿಂಗಳು ವಿಧಾನಮಂಡಲವನ್ನು ಮುಟ್ಟಿ, ಧಾರ್ಮಿಕ ಕಟ್ಟಡಗಳ ಸಂರಕ್ಷಣಾ ಮಸೂದೆಯಾಗಿ ಅಂಗೀಕಾರ ಪಡೆಯಿತು. ಅಧಿನಿಯಮ ಜಾರಿಗೆ ಬರುವುದಕ್ಕೆ ಮುಂಚೆ ಇದ್ದವುಗಳಿಗೆ ರಕ್ಷಣೆ, ಮುಂದೆ ಅನಧಿಕೃತವಾಗಿ ಕಟ್ಟುವುದಕ್ಕೆ ತಡೆ: ಇದು ಪೂರ್ವೋಪಯೋಗದ ನಿಯಮವೇ, ದೇವರಿಗೆ ಅನ್ವಯಿಸಿದ್ದು. ತತ್ತ್ವತಃ ಇದರಲ್ಲಿ ತಪ್ಪಿಲ್ಲ. ಆದರೆ ನೂರಾರು ವರ್ಷ ಪೂಜೆಗೊಂಡ ಮಾರಮ್ಮನಿಗೂ, ಕಾಲುದಾರಿಯನ್ನು ನುಂಗುವುದಕ್ಕೆಂದೇ ನಿನ್ನೆ ಮೊನ್ನೆ ಗ್ರಾನೈಟಿನಲ್ಲಿ ಎಬ್ಬಿಸಿದ ಮಂಟಪಕ್ಕೂ ಒಂದೇ ದಿನಾಂಕ ರಕ್ಷಣೆಕೊಟ್ಟರೆ, ಆಗಮವನ್ನು ಬಿಟ್ಟು ಭೋಗವನ್ನು ಮಾತ್ರ ಎಣಿಸಿದಂತಾಗುತ್ತದೆ. ದೇವರ ಹೆಸರಿನಲ್ಲಾದರೂ ಅದು ಅಕ್ರಮ-ಸಕ್ರಮವೇ. ಭಕ್ತಿಯ ಪ್ರಾಚೀನತೆಗೆ ನಮಸ್ಕರಿಸುವವನು ಅದರ ಅನುಕರಣಕ್ಕೆ ನಮಸ್ಕರಿಸಬೇಕಾದ ಕಾರಣವಿಲ್ಲ.

ಇಷ್ಟೆಲ್ಲ ಮೊದಲಿಗರ ಮಾತಾಡುವಾಗ ದೊಡ್ಡನೆಕ್ಕುಂದಿಯಲ್ಲಿ ಎಲ್ಲರಿಗಿಂತ ಮೊದಲಿದ್ದುದು ಯಾವುದೆಂದು ಕೇಳಿಕೊಳ್ಳಬೇಡವೇ? ವಿಮಾನ ಕಾರ್ಖಾನೆಗೂ, ಕೈಗಾರಿಕಾ ಪ್ರದೇಶಕ್ಕೂ, ನಕ್ಷೆಗೂ ಮುಂಚಿನಿಂದ ಅಲ್ಲಿರುವುದು ಕೆರೆ. ಅದಕ್ಕೆ ಖಾತೆಯಿಲ್ಲ, ವಕೀಲನಿಲ್ಲ, ಪರವಾನಗಿಗೆ ಚೌಕಟ್ಟು ಹಾಕಿಸಿ ತೂಗುಹಾಕುವ ಗೋಡೆಯಿಲ್ಲ. 2007ರ ಯೋಜನೆ ಕೆರೆಗಳ ಸುತ್ತ 30 ಮೀಟರು ಜಾಗವನ್ನು ಕಾಯ್ದಿಡಬೇಕೆಂದಿತು. 2016ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಲಿ ಅದನ್ನು 75 ಮೀಟರಿಗೆ ಏರಿಸಿತು. 2019ರ ಮಾರ್ಚಿನಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಏರಿಕೆಯನ್ನು ರದ್ದುಮಾಡಿತು. ಈ ಏರಿಳಿತದ ನಡುವೆ, ಅನುಮತಿ ಪಡೆದು ಕಟ್ಟಿದವರು ಬೆಳಗಾಗುವುದರೊಳಗೆ ನಿಷಿದ್ಧಭೂಮಿಯಲ್ಲಿ ನಿಂತಂತಾಗಿ ಕಂಗಾಲಾದುದನ್ನು ನಾವು ನೋಡಿದೆವು. ಅವರ ಕಳವಳ ಅಕಾರಣವಾಗಿರಲಿಲ್ಲ. ಆದರೆ ಕೆರೆಯ ಪೂರ್ವತ್ವವನ್ನು ಕುರಿತು ಅಷ್ಟೇ ಕಳವಳಪಟ್ಟವರ ಸಂಖ್ಯೆ ಸಣ್ಣದು. ಯಾಜ್ಞವಲ್ಕ್ಯನು ಇಪ್ಪತ್ತು ವರ್ಷದ ಭೋಗದ ನಿಯಮವನ್ನು ಹೇಳಿದ ಒಡನೆಯೇ ಅದಕ್ಕೆ ಅಪವಾದಗಳನ್ನೂ ಎಣಿಸುತ್ತಾನೆ: ಅಡವು, ಎಲ್ಲೆ, ನಿಕ್ಷೇಪ, ಬಾಲಕರ ಧನ, ಸ್ತ್ರೀಯರ ಧನ, ರಾಜನ ಧನ ಮೊದಲಾದವು ಅನ್ಯರ ಭೋಗದಿಂದ ನಷ್ಟವಾಗತಕ್ಕವಲ್ಲ. ತನ್ನ ಪರವಾಗಿ ತಾನೇ ಬಾಯ್ದೆರೆಯಲಾರದವರ ಸೊತ್ತನ್ನು ಕಾಲದ ಕೈಗೆ ಒಪ್ಪಿಸಬಾರದೆಂಬುದು ಇದರ ಅಭಿಪ್ರಾಯ. ಕೆರೆಯಾದರೋ ಊರಿನ ಎಲ್ಲೆಯೂ ಹೌದು, ರಾಜನ ಸೊತ್ತೂ ಹೌದು, ಇನ್ನೂ ಹುಟ್ಟದ ಮಕ್ಕಳ ನಿಕ್ಷೇಪವೂ ಹೌದು. ಅದನ್ನು ಒತ್ತರಿಸಿದವನು ಎಷ್ಟು ವರ್ಷದ ರಸೀತಿಗಳನ್ನು ತಂದು ಹರಡಿದರೂ ಅವನನ್ನು ಪೂರ್ವೋಪಯೋಗಿಯೆಂದು ಕರೆಯಲಾಗದು.

ನಿಯಮಕ್ಕೆ ಮೊದಲು ನ್ಯಾಯವಾಗಿ ಆರಂಭವಾದದ್ದಕ್ಕೆ ತನ್ನ ಆಯುಷ್ಯವನ್ನು ಮುಗಿಸಿಕೊಳ್ಳುವ ಹಕ್ಕುಂಟು, ಬೆಳೆಯುವ ಹಕ್ಕಿಲ್ಲ, ಪೀಡಿಸುವ ಹಕ್ಕಂತೂ ಇಲ್ಲವೇ ಇಲ್ಲ; ಅನ್ಯಾಯವಾಗಿ ಆರಂಭವಾದದ್ದಕ್ಕೆ ಕ್ಷಮೆಯನ್ನು ಬೇಡುವ ದಾರಿಯೊಂದೇ ಉಂಟು. ಈ ತೀರ್ಮಾನ ಕಾಗದದ ಮೇಲೆ ಉಳಿಯದೆ ಬೀದಿಗೆ ಇಳಿಯಬೇಕಾದರೆ, ಮುಂದಿನ ಮಹಾಯೋಜನೆಯನ್ನು ರಚಿಸತಕ್ಕವರು ಬಣ್ಣದ ಬಟ್ಟಲಿಗೆ ಕೈಹಾಕುವುದಕ್ಕೆ ಮುಂಚೆ ಊರೂರಿಗೆ ಹೋಗಿ, ಯಾವ ಸರ್ವೆ ನಂಬರಿನಲ್ಲಿ ಯಾವ ಉಪಯೋಗ ಎಂದಿನಿಂದ, ಯಾವ ದಾಖಲೆಯ ಆಧಾರದಿಂದ ನಡೆದುಬಂದಿದೆಯೆಂಬುದನ್ನು ಬರೆದುಕೊಂಡು, ವಾರ್ಡಿನ ಜನರ ಮುಂದೆ ಓದಿ ಹೇಳಿ, ತಕರಾರು ಕೇಳಿ, ಮುದ್ರೆಯೊತ್ತಿ ಇಡಬೇಕು. ಆ ಪುಸ್ತಕದ ಮೊದಲನೆಯ ಪುಟದಲ್ಲಿ ಕೆರೆ, ರಾಜಕಾಲುವೆ, ಗೋಮಾಳ, ಸ್ಮಶಾನಗಳ ಹೆಸರು ಬರಲಿ. ಆಮೇಲೆ ಗುಡಿ, ಶೆಡ್ಡು, ಕೊಟ್ಟಿಗೆಗಳದು. ಅಂಥ ಪುಸ್ತಕ ಸಿದ್ಧವಾಗುವ ತನಕ ದೊಡ್ಡನೆಕ್ಕುಂದಿಯ ನಿವಾಸಿಗಳು, ಹಳಬರಾಗಲಿ ಹೊಸಬರಾಗಲಿ, ತಮ್ಮ ತಮ್ಮ ಹಳೆಯ ಪಹಣಿ, ಪರವಾನಗಿ, ಕಂದಾಯದ ರಸೀತಿಗಳನ್ನು ಜೋಪಾನವಾಗಿಟ್ಟುಕೊಂಡು, ಕರಡುಯೋಜನೆ ಪ್ರಕಟವಾದಾಗ ಆಕ್ಷೇಪಣೆಯ ಅವಧಿ ಮುಗಿಯುವುದರೊಳಗೆ ಬರಹದಲ್ಲಿ ತಮ್ಮ ಮಾತನ್ನು ಒಪ್ಪಿಸಬೇಕೆಂದೂ, ಆ ಬರಹದಲ್ಲಿ ಕೆರೆಯ ಪರವಾಗಿಯೂ ಒಂದು ಸಾಲನ್ನು ಸೇರಿಸಬೇಕೆಂದೂ ನನ್ನ ಪ್ರಾರ್ಥನೆ.